ಮನಸ್ಸಿಗೂ ಇನ್ಶೂರನ್ಸ್ ಅದರಿ

ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇನ್ಶೂರನ್ಸ್ ಕೌಂಟರ್ ನನ್ನದು. ಮೊದಲೆಲ್ಲ ಮುರಿದ ಕಾಲು, ಕಿಡ್ನಿಯ ಕಲ್ಲು ಇಷ್ಟೇ ಬರುತ್ತಿದ್ದವು. ಮನಸ್ಸಿನ ಕಾಯಿಲೆಗೂ ವಿಮೆ ಸಿಗಬೇಕೆಂಬ ಕಾನೂನು ಬಂದ ಮೇಲೆ ಹೊಸ ಮಂದಿ ಬರತೊಡಗಿದರು. ಅಳುತ್ತ ಬಂದವರೇ ನಗಿಸಿ ಹೋಗುವುದು ಅಂದಿನಿಂದ ನಡೆದೇ ಇದೆ.

ಬಿಪಿ ಅಂತ ಬರಿ

ಚಿದ್ರಿಯ ನಿವೃತ್ತ ಮಾಸ್ತರರೊಬ್ಬರು ಹೆಂಡತಿ ತೀರಿಕೊಂಡ ಮೇಲೆ ಊಟ, ನಿದ್ದೆ, ಮಾತು ಎಲ್ಲ ಬಿಟ್ಟಿದ್ದರು. ಮಗಳು ಕರೆತಂದಳು. ಡಾಕ್ಟರು ಖಿನ್ನತೆ ಎಂದು ಹೇಳಿ ದಾಖಲು ಮಾಡಿಕೊಂಡರು. ಮಾಸ್ತರರು ನನ್ನ ಕಿಟಕಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು: "ತಂಗಿ, ಬಿಪಿ ಅಂತ ಬರಿಯವ್ವಾ. ಓಣ್ಯಾಗ ಗೊತ್ತಾದ್ರ ಮರ್ಯಾದಿ ಹೋಗ್ತದ."

ಬಿಪಿ ಎಂದು ಬರೆದರೆ ಸುಳ್ಳಾಗುತ್ತದೆ, ಖಿನ್ನತೆ ಎಂದರೆ ವಿಮಾ ಕಂಪನಿ ದುಡ್ಡು ಕೊಡಲೇಬೇಕಾಗುತ್ತದೆ ಎಂದೆ. ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಕ್ಲೇಮು ಪಾಸಾಯಿತು. ಮಾಸ್ತರರು ಹಸಿವಾಗಿದೆ ಎಂದು ತಾವೇ ಕೇಳಿ ಉಣ್ಣುವಷ್ಟು ಗುಣವಾಗಿ ಮನೆಗೆ ಹೋದರು.

ಕೆಲವೇ ದಿನಕ್ಕೆ ಅದೇ ಓಣಿಯ ಮೂವರು ಹಿರಿಯರು ಒಟ್ಟಿಗೆ ಬಂದರು. ಏನಾಗಿದೆ ಎಂದು ಕೇಳಿದೆ. "ಮಾಸ್ತರಿಗಿ ಆಗಿದ್ದೇ ನಮಗೂ ಆಗ್ಯಾದರಿ. ಅವರೇ ಕಟ್ಟಿ ಮ್ಯಾಲ ಕುಂದ್ರಿಸಿ ನೋಡಿ ಕಳಿಸ್ಯಾರ" ಅಂದರು.

ಡಾಕ್ಟರು ಪರೀಕ್ಷಿಸಿದರು. ಒಬ್ಬರಿಗೆ ನಿಜವಾಗಿಯೂ ಆಗಿತ್ತು. ಉಳಿದಿಬ್ಬರಿಗೆ ಇದ್ದದ್ದು ಬಿಪಿ.

ತನಿಖೆಗೆ ಬಂದವರು

ಭಾಲ್ಕಿಯ ಒಬ್ಬ ಹೆಣ್ಣುಮಗಳಿಗೆ ವಿಪರೀತ ಗಾಬರಿಯ ಕಾಯಿಲೆ. ಬಸ್ ಸದ್ದಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಕಣ್ಣಿಗೆ ಕಾಣದ ಕಾಯಿಲೆ ನೋಡಿ ಕಂಪನಿಗೆ ಅನುಮಾನ ಬಂತು. ನಿಜವೋ ನಾಟಕವೋ ನೋಡಿ ಬರಲು ಒಬ್ಬ ತನಿಖಾಧಿಕಾರಿಯನ್ನು ಅವಳ ಮನೆಗೆ ಕಳಿಸಿತು.

ಬಾಗಿಲು ತೆಗೆದದ್ದು ಅತ್ತೆ. ಸೊಸೆಗೆ ಯಾವಾಗಿನಿಂದ ನಿದ್ದೆ ಇಲ್ಲ ಎಂದು ಆತ ಕೇಳಿದ. ಅದನ್ನು ಹೇಳಿ ಮುಗಿಸಿದ ಅತ್ತೆ ಅವನ ಕಣ್ಣು ನೋಡಿ, "ನೀವ್ಯಾವಾಗ ಮಲಗೀರಿಪ್ಪಾ?" ಅಂದರಂತೆ. ಅಷ್ಟೇ. ಚಹಾ ಆರಿ ತಣ್ಣಗಾಗುವ ತನಕ ಆತ ತನ್ನ ಕೆಲಸದ ಒತ್ತಡ, ಮೇಲಧಿಕಾರಿಯ ಫೋನು ಬಂದೀತೆಂದು ರಾತ್ರಿಯೆಲ್ಲ ಎದ್ದು ಕೂರುವುದು, ಎಲ್ಲ ಹೇಳಿಕೊಂಡ.

ಸೊಸೆಯ ಕಾಯಿಲೆ ಅಪ್ಪಟ ನಿಜ ಎಂದು ವರದಿ ಹೋಯಿತು, ಕ್ಲೇಮು ಮಂಜೂರಾಯಿತು. ಮುಂದಿನ ಸೋಮವಾರ ಆತನೇ ನಮ್ಮ ಆಸ್ಪತ್ರೆಗೆ ಬಂದ. ಪಾಲಿಸಿ ಇದೆಯೇ ಎಂದು ಕೇಳಿದೆ. "ಅದರಿ, ಆದ್ರ ನಮ್ಮ ಕಂಪನೀದಲ್ಲ" ಅಂದ.

ಔರಾದಿನ ವಕೀಲಿ

ಔರಾದಿನ ಒಬ್ಬ ಟಂಟಂ ಆಟೊ ಚಾಲಕನನ್ನು ಕುಡಿತ ಬಿಡಿಸಲು ಹೆಂಡತಿ ಕರೆತಂದಳು. ಕುಡಿತ ನಿಂತ ಕೂಡಲೇ ಇಲ್ಲದ ದನಿಗಳು ಕೇಳಿಸಿ ಆತ ಹಾಸಿಗೆಯಿಂದ ಎದ್ದು ಓಡುತ್ತಿದ್ದ. ಚಿಕಿತ್ಸೆ ಫಲ ಕೊಡುತ್ತಿದ್ದಾಗ ಕಂಪನಿ ಕ್ಲೇಮು ತಿರಸ್ಕರಿಸಿತು. ಮನೆಯವರ ಊಟದ ದುಡ್ಡನ್ನು ತನ್ನ ಚಿಕಿತ್ಸೆಗೆ ಸುರಿಯುವುದು ಬೇಡ, ಮುಂದಿನ ಚಿಕಿತ್ಸೆಗೆ ಬರುವುದಿಲ್ಲ ಎಂದು ಗಂಡ ಹಠ ಹಿಡಿದ. ಹೆಂಡತಿ ಅವನನ್ನು ಬಿಡಲಿಲ್ಲ, ಕಂಪನಿಯನ್ನೂ ಬಿಡಲಿಲ್ಲ. ವಿಮೆಯ ತಕರಾರು ಬಗೆಹರಿಸುವ ಅಧಿಕಾರಿಗೆ ದೂರು ಕೊಟ್ಟಳು.

ವಿಚಾರಣೆ ವಿಡಿಯೊದಲ್ಲಿ, ನನ್ನ ಕೌಂಟರಿನ ಕಂಪ್ಯೂಟರಿನಲ್ಲೇ ನಡೆಯಿತು. ಕುಡಿತದಿಂದ ಬರುವ ಮನಸ್ಸಿನ ತೊಂದರೆಯೂ ಕಾನೂನಿನ ಪ್ರಕಾರ ಮನೋರೋಗವೇ ಎಂದು ನಮ್ಮ ಡಾಕ್ಟರು ವಿವರಿಸಿದರು. ಆತ ತನ್ನ ಇಚ್ಛೆಯಿಂದ ಕುಡಿದದ್ದು, ಅದು ಕಾಯಿಲೆಯಲ್ಲ ಎಂದು ಕಂಪನಿಯವರು ವಾದಿಸಿದರು. ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಸಾಹೇಬ್ರ, ತಮ್ಮ ಇಚ್ಛಾದಿಂದ ಕುಡಿಯೋವ್ರಾಗಿದ್ರ ತಮ್ಮ ಇಚ್ಛಾದಿಂದನೇ ಬಿಡ್ತಿದ್ದರಲ್ರಿ. ಬಿಡಬೇಕಂದ್ರೂ ಬಿಡ್ಲಿಕ್ಕಾಗಲಿಲ್ಲ. ಅದಕ್ಕೇ ದವಾಖಾನಿಗಿ ಬಂದೀವ್ರಿ."

ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ತೀರ್ಪು ಅವಳ ಪರ ಬಂತು. ಗಂಡ ಚಿಕಿತ್ಸೆ ಮುಗಿಸಿದ, ಟಂಟಂ ಮತ್ತೆ ರಸ್ತೆಗೆ ಇಳಿಯಿತು.

ಗೆದ್ದ ಸುದ್ದಿ ಔರಾದಿಗೆ ಮುಟ್ಟಿದ್ದೇ ತಡ, ಹಳೆಯ ಗೆಳೆಯರು ಗುಂಪಾಗಿ ಸ್ಟ್ಯಾಂಡಿಗೆ ಬಂದರಂತೆ. ಇಂಥ ದೊಡ್ಡ ಕಂಪನಿಯನ್ನು ಸೋಲಿಸಿದ್ದಕ್ಕೆ ಧಾಬಾದಲ್ಲಿ ಕೂತು ಒಂದೊಂದು ಗ್ಲಾಸಾದರೂ ಆಗಬೇಕು ಎಂದು ಕೈ ಹಿಡಿದು ಎಳೆದರಂತೆ.

ಅವನು ಕೈ ಬಿಡಿಸಿಕೊಂಡು ಟಂಟಂ ಚಾಲು ಮಾಡಿ ಹೇಳಿದನಂತೆ: "ಬ್ಯಾಡ್ರೋ ಮಾರಾಯ್ರ. ಇನ್ನೊಮ್ಮಿ ಕುಡುದ್ರ ನನ್ನ ಹೆಂಡ್ತಿ ಕಂಪನಿ ಕಡಿಂದ ವಾದ ಮಾಡ್ತಾಳ."