ರಮಾಕಾಂತನ ಬಿಯರಿಗೆ ನೊರೆ ಬಂದದ್ದು

ಅಡಿಲೇಡಿನ ಕಿಲ್ಬರ್ನ್‌ನಲ್ಲಿ ನೆಲೆಸಿದ್ದ ಮೈಸೂರಿನ ಎಂಜಿನಿಯರ್ ರಮಾಕಾಂತ, ಜೂನ್ ತಿಂಗಳ ಚಳಿಯಲ್ಲಿ ಹೆಂಡತಿಯ ಮುಂದೆ ನಿಂತು ಶಪಥ ಮಾಡಿದ.

“ಉತ್ತಮನ ಸೆಂಡ್-ಆಫ್‌ಗೆ ಅಂಗಡಿ ಬಿಯರ್ ಒಂದು ತೊಟ್ಟೂ ಈ ಮನೆಗೆ ಬರಲ್ಲ. ಎಲ್ಲಾ ನನ್ನ ಕೈಯಾರೆ ಮಾಡಿದ್ದೇ.”

“ಕುಡಿಯೋರೂ ನೀವೊಬ್ಬರೇನಾ?” ಎಂದಳು ವೇದಾ.

ಬಿಯರಿನ ಹಿಂದೆ ಬೇರೊಂದು ಸಂಗತಿಯಿತ್ತು. ವರ್ಷಗಳ ಹಿಂದೆ ಕೆಲಸವಿಲ್ಲದೆ ಈ ಊರಿಗೆ ಬಂದಿಳಿದಿದ್ದ ದಂಪತಿಗೆ ಗೆಳೆಯ ಉತ್ತಮ ತನ್ನ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟು, ಚಳಿಗಾಲವಿಡೀ ಸೋಫಾದ ಮೇಲೆ ಮುದುರಿ ಮಲಗಿದ್ದ. ಅದಕ್ಕೆ ರಮಾಕಾಂತ ಇದುವರೆಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿರಲಿಲ್ಲ. ಈಗ ಉತ್ತಮ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ಕೊಂಡ ಹೊಸ ಮನೆಗೆ ಹೊರಟಿದ್ದ. ತಾನೇ ಮಾಡಿದ ಬಿಯರಿನ ಗ್ಲಾಸು ಕೈಗೆ ಬಂದರೆ ಮಾತು ತಾನಾಗಿ ಹೊರಡುತ್ತದೆಂದು ರಮಾಕಾಂತ ನಂಬಿದ್ದ.

ಬಿಯರ್ ಮಾಡಿ ತುಂಬಿ ಗ್ಯಾರೇಜಿನಲ್ಲಿಟ್ಟಿದ್ದ ಬಾಟಲಿಗಳಲ್ಲಿ ಒಂದನ್ನು ಕೆಲವು ವಾರಗಳ ಮೇಲೆ ತೆರೆದ. ಸದ್ದಿಲ್ಲ, ನೊರೆಯಿಲ್ಲ. ಆರಿದ ಕಷಾಯ.

“ಗ್ಯಾಸೇ ಹಿಡಿದಿಲ್ಲ. ಸಕ್ಕರೆ ಕಡಿಮೆ ಆಗಿದೆ.”

“ಚಳಿ ಕಣ್ರೀ. ಈ ಚಳೀಲಿ ನನ್ನ ಇಡ್ಲಿ ಹಿಟ್ಟೇ ಉಬ್ಬಲ್ಲ. ಒಳಗೆ ಬೆಚ್ಚಗಿಟ್ಟು ಸುಮ್ನೆ ಕಾಯಿರಿ.”

“ಇದು ಸೈನ್ಸ್ ವೇದಾ. ಇಡ್ಲಿ ಹಿಟ್ಟಲ್ಲ.”

ವೇದಾ ತೆರೆಯದ ಒಂದು ಬಾಟಲಿಯನ್ನು ಎತ್ತಿಕೊಂಡು ಹೋಗಿ ಅವನ್‌ನೊಳಗೆ ಹಿಟ್ಟಿನ ಪಾತ್ರೆಯ ಹಿಂದಿಟ್ಟು ಬಾಗಿಲು ಮುಚ್ಚಿದಳು. ಆ ಅವನ್ ಒಂದು ಕೇಕನ್ನೂ ಕಂಡದ್ದಲ್ಲ; ದೀಪ ಉರಿಸಿಕೊಂಡು ಹಿಟ್ಟು ಉಬ್ಬಿಸುವುದೇ ಅದರ ಚಳಿಗಾಲದ ಉದ್ಯೋಗ.

ರಮಾಕಾಂತ ಉಳಿದ ಬಾಟಲಿಗಳನ್ನೆಲ್ಲ ತೆರೆದು, ಚಮಚದಲ್ಲಿ ಸಕ್ಕರೆ ಸುರಿದು, ಹೊಸ ಮುಚ್ಚಳ ಒತ್ತಿದ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಕಷಾಯ, ಈಗ ಸಿಹಿ. ಇನ್ನೊಂದು ಸುತ್ತು ಸಕ್ಕರೆ ಬಿತ್ತು. ಆಗಲೂ ಇಲ್ಲ. ಕಡೆಗೆ ನೋಡಲಾದರೂ ಲಕ್ಷಣವಾಗಿರಲೆಂದು, ಸಮಾರಂಭಕ್ಕೆ ವಾರ ಮುಂಚೆ ಎಲ್ಲವನ್ನೂ ನಡುಮನೆಗೆ ತಂದು ಹೀಟರಿನ ಪಕ್ಕದಲ್ಲಿ ಸಾಲಾಗಿ ಜೋಡಿಸಿದ. ಅಷ್ಟು ದಿನ ಚಳಿಗೆ ಮಲಗಿದ್ದ ಯೀಸ್ಟು ಕಣ್ಣುಬಿಟ್ಟು, ಎರಡು ಪಾಲು ಹೆಚ್ಚುವರಿ ಸಕ್ಕರೆಯ ಮುಂದೆ ಊಟಕ್ಕೆ ಕೂತಿತು.

ಸೆಂಡ್-ಆಫ್‌ನ ಸಂಜೆ ಎಲ್ಲರೂ ಸೇರಿದರು. ರಮಾಕಾಂತ ಬಾಟಲಿ ಹಿಡಿದು ಎದ್ದುನಿಂತ.

“ಉತ್ತಮ, ನಿಂಗೊಂದು ಮಾತು ಹೇಳ್ಬೇಕಿತ್ತು.”

ಮುಚ್ಚಳ ತೆಗೆದ. ಬಿಯರು ನೇರ ಚಾವಣಿಗೆ ಏರಿ, ಅಲ್ಲಿಂದ ಉತ್ತಮನ ಇಸ್ತ್ರಿ ಅಂಗಿಯ ಮೇಲೆ ಇಳಿಯಿತು. ಮಾನ ಉಳಿಸಿಕೊಳ್ಳಲು ಇನ್ನೊಂದನ್ನು ತೆರೆದ. ಅದು ಪರದೆಗಳಿಗೆ ಅಭಿಷೇಕ ಮಾಡಿತು. ಮೂರನೆಯದು ಯಾರೂ ಮುಟ್ಟದೆಯೇ ಹೀಟರಿನ ಪಕ್ಕದಲ್ಲಿ ಸಿಡಿಯಿತು. ನೆಂಟರಿಷ್ಟರು ಹಿತ್ತಲಿಗೆ ಓಡಿದರು.

“ಒಂದು ಮಾತಿಗೆ ಇಷ್ಟು ಮದ್ದುಗುಂಡು ಬೇಕಿತ್ತೇನೋ?” ಎಂದು ನಗುತ್ತ ಉತ್ತಮನೇ ಕೊನೆಗೆ ಮಾಪ್ ಹಿಡಿದ.

ಗಾಜು ಗುಡಿಸಿ ನೆಲ ಒರೆಸುವುದರಲ್ಲೇ ಸಂಜೆ ಮುಗಿಯಿತು. ಮರುದಿನ ಬೆಳಿಗ್ಗೆ ಅವನು ವಿಮಾನ ಹತ್ತಿದ. ಹೇಳಬೇಕಾದ ಮಾತು ಬಿಯರಿನ ಹುಳಿವಾಸನೆಯ ಜೊತೆ ಈ ಮನೆಯಲ್ಲೇ ಉಳಿಯಿತು.

ಭಾನುವಾರ ವೇದಾ ಅವನ್‌ನಿಂದ ಹಿಟ್ಟಿನ ಪಾತ್ರೆ ತೆಗೆದಾಗ ಹಿಂದೆ ಮರೆತಿದ್ದ ಬಾಟಲಿ ಕಂಡಿತು. ಅದನ್ನು ಗಂಡನ ಮುಂದಿಟ್ಟಳು. ಅವನು ಟವೆಲ್ ಸುತ್ತಿ, ಮುಖ ಆಚೆ ತಿರುಗಿಸಿ ಮುಚ್ಚಳ ತೆಗೆದ. ಬಾಟಲಿಯಿಂದ ಹದವಾಗಿ ಒಂದು ನಿಟ್ಟುಸಿರು ಬಂತು. ಗ್ಲಾಸಿನಲ್ಲಿ ಬೆರಳೆತ್ತರ ಬಿಳಿ ನೊರೆ.

ಜೊತೆಗೆ ಕುಡಿಯಬೇಕಾದವನು ಪರ್ತ್‌ನಲ್ಲಿದ್ದ. ರಮಾಕಾಂತ ವಿಡಿಯೊ ಕಾಲ್ ಮಾಡಿದ.

“ನೋಡೋ, ನೊರೆ ಬಂತು.”

“ಅಂಗಡೀದು ಸುರಿದು ತೋರಿಸ್ತೀಯೇನೋ?”

“ನಾನೇ ಮಾಡಿದ್ದು ಕಣೋ. ವೇದಾ, ನೀನಾದ್ರೂ ಹೇಳು.”

“ಮಾಡಿದ್ದು ಅವರೇ,” ಎಂದಳು ವೇದಾ, ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತ. “ಆದರೆ ಅವರು ಕೈ ಹಾಕದೆ ಬಿಟ್ಟಿದ್ದು ಅದೊಂದೇ. ನನ್ನ ಹಿಟ್ಟಿನ ಹಿಂದೆ ಇತ್ತು.”

ಆ ಕಡೆ ಉತ್ತಮ ನಕ್ಕು ನಕ್ಕು ಸುಸ್ತಾದ. ರಮಾಕಾಂತ ಇಷ್ಟು ವರ್ಷ ಕಟ್ಟಿಟ್ಟುಕೊಂಡದ್ದನ್ನು ಹೇಗೋ ಹೊರಗೆ ತಂದ.

“ಉತ್ತಮ, ಥ್ಯಾಂಕ್ಸ್ ಕಣೋ.”

“ನನಗ್ಯಾಕೋ? ಇಡ್ಲಿ ಹಿಟ್ಟಿಗೆ ಹೇಳು,” ಎಂದು ಅವನು ಫೋನ್ ಇಟ್ಟ.