ದೋಸೆ ತಿಂದು ಆರಿಸಿದ ಬೆಟ್ಟ

ಮಕ್ಕಳನ್ನು ಕರೆದುಕೊಂಡು ಹೋಗಲು ಒಂದು ಬೆಟ್ಟ ಆರಿಸುವುದರಲ್ಲಿ ಏನು ಮಹಾ ಇದೆ? ಬೆಟ್ಟವೇನು ಮನೆಗೆ ಬರುವ ಅಳಿಯನೇ, ಕುಲ ಗೋತ್ರ ವಿಚಾರಿಸಲು? ಎತ್ತರ ನೋಡಬೇಕು, ದಾರಿ ನೋಡಬೇಕು, ಮುಗಿಯಿತು! ನಾನು ಹೀಗೆಂದೇ ನಂಬಿದ್ದೆ. ಈಗ ನನ್ನ ಪ್ಯಾಂಟಿನ ಹಿಂಭಾಗ ನೋಡಿದವರು ಯಾರೂ ಹಾಗೆ ನಂಬುವುದಿಲ್ಲ.

ನಾವಿರುವುದು ಬಾಗಲಗುಂಟೆಯಲ್ಲಿ, ಮುನಿರಾಜಣ್ಣನ ಕಟ್ಟಡದ ಮೊದಲ ಮಹಡಿಯಲ್ಲಿ. ಮಾಲೀಕರಾದ ಮುನಿರಾಜಣ್ಣ ಕೆಳಗೆ. ನಮ್ಮ ಮೇಲೆ ಪದ್ಮಾ ಮೇಡಂ, ಅವರ ಯಜಮಾನರು ಮತ್ತು ಅವಳಿ ಗಂಡುಮಕ್ಕಳು. ಭಾನುವಾರ ಬಂತೆಂದರೆ ಈ ಅವಳಿಗಳು, ನನ್ನ ಮಗಳು ಚಿನ್ಮಯಿ, ಮುನಿರಾಜಣ್ಣನ ಮೊಮ್ಮಗ ನಾಲ್ವರೂ ಸೇರಿ ಪಾರ್ಕಿಂಗ್ ಜಾಗದಲ್ಲಿ ಕ್ರಿಕೆಟ್ ಆಡುತ್ತಾರೆ. ಮುನಿರಾಜಣ್ಣನ ಸ್ಕೂಟರಿನ ಎರಡನೆಯ ಕನ್ನಡಿಯೂ ಒಡೆದ ದಿನ ಹಿರಿಯರ ತುರ್ತು ಸಭೆ ಸೇರಿತು.

"ಮಾಲ್‌ಗೆ ಕರ್ಕೊಂಡ್ ಹೋಗೋಣ" ಎಂದರು ಪದ್ಮಾ ಮೇಡಂ.

"ಛೇ ಛೇ! ಮಾಲ್‌ಗೆ ಹೋಗಿ ಹೋಗಿ ನಮ್ಮ ಮಕ್ಕಳಿಗೆ ಎಸ್ಕಲೇಟರ್ ಬಿಟ್ಟರೆ ಬೇರೆ ಏರುವುದೇ ಗೊತ್ತಿಲ್ಲ. ಬೆಟ್ಟ ಹತ್ತಿಸೋಣ. ಬೆಟ್ಟದ ವಿಷಯ ನನಗೆ ಬಿಡಿ. ನಾನು ಗದಗಿನವನು. ಕಪ್ಪತಗುಡ್ಡದ ಗಾಳಿ ಕುಡಿದು ಬೆಳೆದವನು!" ಎಂದೆ.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಗಾಳಿಯನ್ನು ಬಸ್ಸಿನ ಕಿಟಕಿಯಲ್ಲಿ ಕುಳಿತು ಕುಡಿದಿದ್ದೆ, ಅಷ್ಟೇ. ನನ್ನ ಹೆಂಡತಿ ಸುವರ್ಣಾ ನನ್ನ ಮುಖವನ್ನೊಮ್ಮೆ ನೋಡಿದಳು. ಅವಳೂ ಗದಗಿನವಳೇ.

ಕೂಡಲೇ ಷರತ್ತುಗಳು ಬಂದವು. "ತುಂಬಾ ಕಡಿದಾಗಿರ್ಬಾರ್ದು ಸಾರ್. ಆದ್ರೆ ಫೋಟೋದಲ್ಲಿ ಕಡಿದಾಗಿ ಕಾಣ್ಬೇಕು. ನೆರಳಿರ್ಬೇಕು. ಕೋತಿ ಇರ್ಬಾರ್ದು" ಎಂದರು ಪದ್ಮಾ ಮೇಡಂ. ಅವರ ಯಜಮಾನರು ಬಹಳ ಹೊತ್ತು ಯೋಚಿಸಿ, "ಕಾರ್ ತುದೀವರ್ಗೂ ಹೋಗೋ ಬೆಟ್ಟ ಸಿಕ್ರೆ ಒಳ್ಳೇದು" ಎಂದರು.

ನಾನು ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಖುದ್ದು ಪರಿಶೀಲಿಸದೆ ಯಾವುದಕ್ಕೂ ಸಹಿ ಹಾಕುವವನಲ್ಲ. "ಮುಂದಿನ ಶನಿವಾರ ನಾನೇ ಹೋಗಿ ಸ್ಥಳ ಪರಿಶೀಲನೆ ಮಾಡಿ ಬರುತ್ತೇನೆ. ಪ್ರತಿಯೊಂದು ಕಲ್ಲನ್ನೂ ಮೆಟ್ಟಿ ನೋಡುತ್ತೇನೆ!" ಎಂದು ಘೋಷಿಸಿದೆ.

ಚಿನ್ಮಯಿಯ ಮುಖ ಅರಳಿತು. ನಾಲ್ಕನೆಯ ಕ್ಲಾಸಿನ ಹುಡುಗಿ. ಅವಳಿಗಳ ಕಡೆ ತಿರುಗಿ, "ನಮ್ ಪಪ್ಪಾ ಒಂದ್ ಸಲ ಹೇಳಿದ್ರೆ ಹೇಳ್ದಂಗೇ. ನೋಡ್ದೇ ಏನೂ ಹೇಳಲ್ಲ" ಎಂದಳು. ಆ ಮಾತು ಕೇಳಿ ನನ್ನ ಎದೆ ಎರಡಿಂಚು ಉಬ್ಬಿತು. ಅದೇ ಎದೆಯನ್ನು ಮುಂದೆ ಒಂದು ಬಂಡೆಗೆ ಅವಚಿಕೊಳ್ಳಬೇಕಾದೀತೆಂದು ಆಗ ಗೊತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಮುನಿರಾಜಣ್ಣನ ಸ್ಕೂಟರಿನಲ್ಲಿ ನಾನೂ ಅವರೂ ಹೊರಟೆವು. ಮಾಕಳಿ ದಾಟಿ ತುಮಕೂರು ರಸ್ತೆಯಲ್ಲಿ ಇನ್ನಷ್ಟು ದೂರ ಹೋಗಿ ಒಳಕ್ಕೆ ತಿರುಗಿದರೆ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಗುಮ್ಮನಬೆಟ್ಟ. ತಿರುವಿನಲ್ಲೇ ಒಂದು ಹೋಟೆಲು. ಹೆಂಚಿನ ಮೇಲೆ ಬೆಣ್ಣೆ ಬಿದ್ದ ಸದ್ದು ರಸ್ತೆಗೇ ಕೇಳುತ್ತಿತ್ತು. ಮುನಿರಾಜಣ್ಣನ ಸ್ಕೂಟರು ತಾನಾಗಿಯೇ ನಿಂತಿತು.

"ಮೊದಲು ಬೆಟ್ಟ ಹತ್ತಿ ಬರೋಣ್ವಾ ಅಣ್ಣ?"

"ಬೆಟ್ಟ ಎಲ್ಲಿಗ್ ಓಗ್ತದೆ ಸಾ? ಇಂಗೇ ಇರ್ತದೆ. ದೋಸೆ ಆರೋಗ್ತದೆ!"

ಈ ತರ್ಕವನ್ನು ಒಪ್ಪಿ ಒಳಗೆ ಹೋಗಿ ಕುಳಿತೆ. ಎರಡು ಮಸಾಲೆ ತಿಂದೆ. ಮೇಲೊಂದು ಖಾಲಿ ದೋಸೆ. ಅದರ ಮೇಲೆ ಕಾಫಿ. ಏಳಲು ನೋಡಿದರೆ ಸ್ವಲ್ಪ ಕಷ್ಟವಾಯಿತು. ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ, ನಲ್ಲಿಯ ಎದುರಿಗೇ, ಸಾಕ್ಷಾತ್ ಗುಮ್ಮನಬೆಟ್ಟ! ಮುಂದೆ ಬಾಳೆಗಿಡಗಳು, ಒಂದು ಸೊಟ್ಟ ತೆಂಗಿನಮರ, ಅದರ ಗರಿಗೆ ಸಿಕ್ಕಿಕೊಂಡ ಕೆಂಪು ಗಾಳಿಪಟ, ಹಿಂದೆ ಹೊಲಗಳು, ಅದರಾಚೆ ಬೆಟ್ಟದ ಸಾಲು. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಒಂದು ಫೋಟೋ ತೆಗೆದೆ. ಅಂದು ನಾನು ಹತ್ತಿದ್ದು ಆ ಕಲ್ಲನ್ನು ಮಾತ್ರ.

ಅಷ್ಟರಲ್ಲಿ ಬಿಸಿಲು ಏರಿತ್ತು, ದೋಸೆ ಇಳಿದಿರಲಿಲ್ಲ. ಮುನಿರಾಜಣ್ಣ ಆಕಳಿಸಿದರು. ಬೆಟ್ಟ ಸ್ವಸ್ಥಾನದಲ್ಲಿ ಇರುವುದು ದೃಢಪಟ್ಟಿದ್ದರಿಂದ ಪರಿಶೀಲನೆಯನ್ನು ಮುಕ್ತಾಯಗೊಳಿಸಿ ವಾಪಸಾದೆವು.

"ಹೆಂಗಿತ್ರೀ ಗುಡ್ಡ?" ಸುವರ್ಣಾ ಬಾಗಿಲಲ್ಲೇ ಕೇಳಿದಳು.

"ಸುಗಮ!" ಎಂದೆ. ಒಂದು ಸಲ ಬಾಯಿಂದ ಹೊರಟ ಮೇಲೆ ಉಳಿದದ್ದು ತಾನಾಗಿ ಬಂತು. ಕಟ್ಟಡದ ವಾಟ್ಸಾಪ್ ಗುಂಪಿಗೆ ವರದಿ ಹಾಕಿದೆ: 'ದಾರಿ ಸುಗಮ. ನೆರಳು ಉಂಟು. ಕೋತಿಗಳ ಬಾಧೆ ಇಲ್ಲ. ತುದಿಯಿಂದ ಕಂಡ ದೃಶ್ಯ ಲಗತ್ತಿಸಿದೆ.' ಹೋಟೆಲಿನಲ್ಲಿ ನಿಜಕ್ಕೂ ಕೋತಿಗಳಿರಲಿಲ್ಲ.

ಸಂಜೆ ಚಿನ್ಮಯಿ ಆ ಫೋಟೋ ನೋಡಿಕೊಂಡು ಚಿತ್ರ ಬರೆದಳು. ಬಾಳೆಗಿಡ, ಸೊಟ್ಟ ತೆಂಗು, ಕೆಂಪು ಗಾಳಿಪಟ ಒಂದನ್ನೂ ಬಿಡಲಿಲ್ಲ. ಮಧ್ಯದಲ್ಲಿ ಬೆಟ್ಟದ ತುದಿ, ಅದರ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತ ನಾನು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಿಜ ಹೇಳಿಬಿಡಬೇಕು ಅನಿಸಿತು. ಬೆಣ್ಣೆ ಜಾಸ್ತಿಯಾಗಿ ಹೀಗನಿಸುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡು ಮಲಗಿದೆ.

ಭಾನುವಾರ ಎರಡು ಕಾರುಗಳಲ್ಲಿ ಎಲ್ಲರೂ ಹೊರಟೆವು. ತಿರುವಿನಲ್ಲಿ ಹೋಟೆಲು ಕಂಡದ್ದೇ ತಡ, ಅವಳಿಗಳು "ದೋಸೆ! ದೋಸೆ!" ಎಂದು ಕಿರುಚಿದರು. ನನ್ನ ಜೀವ ಬಾಯಿಗೆ ಬಂತು. ದೋಸೆ ಬಡಿಸಿದ ಹುಡುಗ ಬಾಗಿಲಲ್ಲೇ ನಿಂತಿದ್ದ!

"ನಿಲ್ಲಿಸಬೇಡಿ! ತುಂಬಿದ ಹೊಟ್ಟೆಯಲ್ಲಿ ಬೆಟ್ಟ ಹತ್ತುವುದು ದೇಹಕ್ಕೆ ಅತ್ಯಂತ ಅಪಾಯಕಾರಿ" ಎಂದೆ.

"ಅದು ಕರೆಕ್ಟೇ. ನಮ್ ಸಾರು ಅನುಬವ್ಸಿ ಏಳ್ತಾವ್ರೆ" ಎಂದರು ಮುನಿರಾಜಣ್ಣ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು.

ಬೆಟ್ಟದ ಬುಡದಲ್ಲಿ ದಾರಿ ಎರಡಾಗಿ ಸೀಳಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ ನೆನಪಿಸಿಕೊಳ್ಳುವವನಂತೆ ನಿಂತು, ಬಲಕ್ಕೆ ಕೈ ತೋರಿದೆ. ಎಡಗಡೆಯದು ಶುರುವಿನಲ್ಲೇ ಏರು. ಬಲಗಡೆಯದು ಅಂಗೈಯಂತೆ ಸಮ. ಇದಕ್ಕಿಂತ ಬೇರೆ ಕಾರಣ ಬೇಕೇ?

ಸಮವಾದ ದಾರಿ ಒಂದು ರಾಗಿ ಹೊಲ ಸುತ್ತಿ, ಒಂದು ಕುರಿ ದೊಡ್ಡಿ ಸುತ್ತಿ, ಲಂಟಾನ ಪೊದೆಯೊಳಗೆ ನುಗ್ಗಿತು. ನಾವೂ ನುಗ್ಗಿದೆವು. ಪದ್ಮಾ ಮೇಡಂ ದುಪಟ್ಟಾದ ಅರ್ಧ ಅಲ್ಲೇ ಉಳಿಯಿತು. ನೆರಳು ಎಲ್ಲಿ ಎಂದು ಕೇಳಿದರು. ಮಧ್ಯಾಹ್ನದ ಮೇಲೆ ಬರುತ್ತದೆ ಎಂದೆ.

ನೆರಳಿಗಿಂತ ಮೊದಲು ಕೋತಿಗಳು ಬಂದವು. ಒಂದು ಹಿರಿಯ ಕೋತಿ ನೇರವಾಗಿ ಸುವರ್ಣಾಳ ಹತ್ತಿರ ಹೋಗಿ, ಚಪಾತಿ ಪಲ್ಯದ ಚೀಲವನ್ನು ಹಕ್ಕಿನಿಂದ ಈಸಿಕೊಂಡು ಮರ ಹತ್ತಿತು.

"ಕೋತಿ ಇಲ್ಲ ಅಂದಿದ್ರಲ್ಲ ಸಾರ್?"

"ಶನಿವಾರ ಇರಲಿಲ್ಲ ಮೇಡಂ. ಬಹುಶಃ ಭಾನುವಾರ ಮಾತ್ರ ಬರುತ್ತವೆ."

"ಮಂಗ್ಯಾಗೂ ರಜಾ ಇರ್ತದೇನ್ರೀ?" ಎಂದಳು ಸುವರ್ಣಾ. ಅವಳ ದನಿ ತೀರಾ ಮೆತ್ತಗಿತ್ತು. ಮದುವೆಯಾದಾಗಿನಿಂದ ನಾನು ಹೆದರುವುದು ಆ ದನಿಗೆ ಮಾತ್ರ.

ಪೊದೆ ಮುಗಿದದ್ದು ಒಂದು ಬೋಳು ಬಂಡೆಯ ಮುಂದೆ. ಮಕ್ಕಳು ಚಪ್ಪಾಳೆ ತಟ್ಟಿ, ಕೈಕಾಲು ಊರಿ, ನಾನು ಬೇಡವೆನ್ನುವಷ್ಟರಲ್ಲಿ ಮೇಲಿದ್ದರು. ನಾಯಕನಾದವನು ಹಿಂದೆ ಉಳಿಯಬಾರದು. ನಾನೂ ಹತ್ತಿದೆ. ಅರ್ಧದವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಹಿಂತಿರುಗಿ ನೋಡಿದೆ.

ನೋಡಬಾರದಿತ್ತು! ನಾನು ಬಂಡೆಯನ್ನು ತಬ್ಬಿಕೊಂಡೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಪೂರಾ ತ್ರಿಶಂಕು.

ಮೇಲಿನಿಂದ ಚಿನ್ಮಯಿ ಬಗ್ಗಿ ನೋಡಿದಳು. "ಪಪ್ಪಾ, ಏನಾಯ್ತು? ಹೋದ್ ಸಲ ಹೆಂಗ್ ಹತ್ತಿದ್ರೋ ಹಂಗೇ ಹತ್ತಿ!"

"ಹೋದ ಸಲ ಈ ಕಲ್ಲು ಇಷ್ಟು ಇಳಿಜಾರಾಗಿರಲಿಲ್ಲ ಮಗಳೇ!"

ಅವಳು ಹುಬ್ಬು ಗಂಟಿಕ್ಕಿದಳು. ಅವಳ ಕಣ್ಣಲ್ಲಿ ಅನುಮಾನ ನೋಡಿದ್ದು ಅದೇ ಮೊದಲು. ಬೀಳುವ ಭಯಕ್ಕಿಂತ ಅದೇ ಹೆಚ್ಚು ಚುಚ್ಚಿತು. ಹೇಗಾದರೂ ಹತ್ತಿಯೇ ತೀರುತ್ತೇನೆಂದು ಒಂದು ಕಾಲು ಎತ್ತಿದೆ. ಇನ್ನೊಂದು ಕಾಲು ಅದಕ್ಕೆ ಒಪ್ಪಲಿಲ್ಲ. ಮಗ್ಗುಲಿಗೆ ಹೊರಳಿ, ಜಾರುಬಂಡೆ ಆಡುವ ಮಗುವಿನ ಹಾಗೆ ಕುಂಡೆಯ ಮೇಲೆ ಜರ್ರನೆ ಜಾರಿ ಬಂದು ಮುನಿರಾಜಣ್ಣನ ಪಾದದ ಬಳಿ ನಿಂತೆ. ಪ್ಯಾಂಟಿನ ಒಂದು ಭಾಗ ಬಂಡೆಯ ಮೇಲೇ ಉಳಿಯಿತು. ಮುನಿರಾಜಣ್ಣ ಟವೆಲು ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿದರು.

ಈಗ ಮಕ್ಕಳು ಮೇಲೆ, ನಾವು ಕೆಳಗೆ! ಮೇಲೆ ಓಡಿದವರು ಅರ್ಧ ಗಂಟೆಯಾದರೂ ಕಾಣಲಿಲ್ಲ. ಪದ್ಮಾ ಮೇಡಂ ಅಳುವುದಕ್ಕೆ ಶುರು ಮಾಡಿದರು. ಸುವರ್ಣಾ ಚಪ್ಪಲಿ ಬಿಚ್ಚಿ ಬಂಡೆ ಹತ್ತಲು ಹೊರಟಳು. ಅಷ್ಟರಲ್ಲಿ ಹಿಂದಿನಿಂದ ನಗುವ ಸದ್ದು. ನಾಲ್ವರು ಮಕ್ಕಳೂ ಕುರಿ ದೊಡ್ಡಿಯ ಕಡೆಯಿಂದ ನಡೆದು ಬರುತ್ತಿದ್ದರು.

"ಆ ಕಡೆ ಮೆಟ್ಲಿದೆ ಆಂಟಿ! ಹಿಡ್ಕೊಳ್ಳೋಕೆ ಕಂಬಿ ಇದೆ. ಮರ ಇದೆ, ನೀರಿನ ನಲ್ಲಿನೂ ಇದೆ! ತುದೀಗೆ ಹೋಗಿ, ಮೆಟ್ಲಲ್ಲಿ ಇಳ್ದು, ಸುತ್ಕೊಂಡ್ ಬಂದ್ವಿ" ಎಂದ ಅವಳಿಗಳಲ್ಲೊಬ್ಬ.

ಅದು ಎಡಗಡೆಯ ದಾರಿ.

ನನ್ನನ್ನು ಬೈಯಲೂ ಯಾರಲ್ಲೂ ಶಕ್ತಿ ಉಳಿದಿರಲಿಲ್ಲ. ಹಸಿವಿನಿಂದ ಕಂಗೆಟ್ಟ ಆ ತಂಡ ನೇರವಾಗಿ ಹೋಟೆಲಿನ ಮುಂದೆ ಕಾರು ನಿಲ್ಲಿಸಿತು. ಬೇರೆ ಹೋಟೆಲು ನೋಡೋಣ ಎಂದ ನನ್ನ ಮಾತು ಗಾಳಿಗೆ ಹೋಯಿತು. ಟವೆಲು ಬಿಗಿಮಾಡಿಕೊಂಡು, ಮುಖಕ್ಕೆ ಕರವಸ್ತ್ರ ಹಿಡಿದು ಕೊನೆಯವನಾಗಿ ಒಳಗೆ ಹೋದೆ.

"ಬನ್ನಿ ಸಾರ್!" ಬಡಿಸುವ ಹುಡುಗನ ಮುಖ ಊರಗಲವಾಯಿತು. "ಅದೇನಾ ಸಾರ್? ಎರಡ್ ಮಸಾಲೆ, ಒಂದ್ ಖಾಲಿ?"

ಎಲ್ಲರೂ ತಿರುಗಿ ನೋಡಿದರು. "ನನ್ನ ಹಾಗೆಯೇ ಕಾಣುವವರು ಯಾರೋ ಬಂದಿರಬೇಕು" ಎಂದೆ. ಪಕ್ಕದಲ್ಲಿ ಮುನಿರಾಜಣ್ಣ ಮೆಲ್ಲಗೆ, "ನಂಗೂ ಅದೇ ಕೊಡಪ್ಪ, ನಿನ್ನೆ ಕೊಟ್ಟಂಗೆ" ಎಂದರು. ದ್ರೋಹಿ!

ಆಗ ಹಿತ್ತಲಿನಿಂದ ಚಿನ್ಮಯಿಯ ಕೂಗು ಬಂತು. ಕೈ ತೊಳೆಯಲು ಹೋಗಿದ್ದಳು.

"ಪಪ್ಪಾ! ಬೇಗ ಬನ್ನಿ! ನಿಮ್ ಸೀನರಿ ಇಲ್ಲಿದೆ!"

ಕಟ್ಟಡದ ಸಮಸ್ತ ನಿವಾಸಿಗಳೂ ಮೇಜು ಬಿಟ್ಟು ಎದ್ದು ಹೋಗಿ ನಲ್ಲಿಯ ಮುಂದೆ ಸಾಲಾಗಿ ನಿಂತರು. ಬಾಳೆಗಿಡ ಇತ್ತು. ಸೊಟ್ಟ ತೆಂಗು ಇತ್ತು. ಆ ಹಾಳು ಗಾಳಿಪಟವೂ ಹಾರಿಹೋಗಿರಲಿಲ್ಲ. ಪದ್ಮಾ ಮೇಡಂ ಫೋನು ತೆಗೆದು ನನ್ನ ಲಗತ್ತನ್ನು ಮೂಲದೊಂದಿಗೆ ತಾಳೆ ನೋಡಿದರು.

"ಖರೇ ಹೇಳ್ರಿ, ಗುಡ್ಡ ಹತ್ತಿದ್ರೇನು?" ಎಂದಳು ಸುವರ್ಣಾ.

"ಇಲ್ಲ" ಎಂದೆ. "ದೋಸೆ ತಿಂದೆ. ಈ ಕಲ್ಲಿನ ಮೇಲೆ ನಿಂತೆ."

ಚಿನ್ಮಯಿ ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನನ್ನ ಟವೆಲಿನ ಅಂಚು ಹಿಡಿದು, "ಮೇಲ್ಗಡೆಯಿಂದ ಇದಕ್ಕಿಂತ ಚೆನ್ನಾಗ್ ಕಾಣತ್ತೆ ಪಪ್ಪಾ. ನೀವ್ ನೋಡ್ಬೇಕಿತ್ತು" ಎಂದಳು. ಸುವರ್ಣಾ ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ದೋಸೆಯೂ ಸೇರಲಿಲ್ಲ, ಒಂದೇ ತಿಂದೆ.

ಮರುದಿನ ಫ್ರಿಜ್ಜಿನ ಮೇಲಿನ ಚಿತ್ರದಲ್ಲಿ ತಿದ್ದುಪಡಿಯಾಗಿತ್ತು. ಬೆಟ್ಟದ ತುದಿಯಲ್ಲಿದ್ದ ನನ್ನನ್ನು ರಬ್ಬರಿನಿಂದ ಉಜ್ಜಿ, ಕೆಳಗೆ ಹೊಸದಾಗಿ ಬರೆದ ನಲ್ಲಿಯ ಪಕ್ಕ ನಿಲ್ಲಿಸಲಾಗಿತ್ತು. ಕೈಯಲ್ಲಿ ತಟ್ಟೆ.

ವಾರದ ಕೊನೆಗೆ ಮಕ್ಕಳೇ ಮೆಟ್ಟಿಲ ಕೆಳಗೆ ಸಭೆ ಸೇರಿದರು. ಹಿರಿಯರಿಗೆ ಪ್ರವೇಶವಿರಲಿಲ್ಲ. ಸಭೆ ಮುಗಿಸಿ ಬಂದ ಚಿನ್ಮಯಿ ಸೊಂಟಕ್ಕೆ ಕೈ ಕೊಟ್ಟು ಪ್ರಕಟಿಸಿದಳು: "ಈ ಭಾನುವಾರ ಸಹಕಾರನಗರದ ಪಾರ್ಕು. ಅಲ್ಲಿರೋ ನಮ್ ಚಿಕ್ಕಮ್ಮನ ಮನೆಗೆ ಹೋದಾಗ ನಾನೇ ಪೂರಾ ಸುತ್ತಿ ನೋಡ್ಕೊಂಡ್ ಬಂದಿದೀನಿ. ಸಮ ಇದೆ, ಜಾರಲ್ಲ, ಕೋತಿ ಇಲ್ಲ. ದೊಡ್ಡ ಹೊಂಗೆ ಮರದ ಕೆಳಗೆ ಕೂತ್ಕೊಳ್ಳೋಕೆ ಒಂದ್ ಬೆಂಚ್ ಇದೆ."

"ಯಾರ ಸಲುವಾಗಿ ಇಷ್ಟೆಲ್ಲಾ?" ಎಂದು ಕೇಳಿದಳು ಸುವರ್ಣಾ.

"ಅಪ್ಪಂದಿರು ಇರೋ ಫ್ಯಾಮಿಲಿಗಳಿಗೆ!"

ಹೋದೆವು. ಮಕ್ಕಳು ಮುಂದೆ ಓಡಿದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ನನಗೆ ಏದುಸಿರು ಬಂತು. ಹೊಂಗೆ ಮರದ ಹತ್ತಿರ ಹೋಗಿ ನೋಡಿದೆ. ಅವಳು ಹೇಳಿದ ಬೆಂಚು, ಹೇಳಿದ ಜಾಗದಲ್ಲೇ ಇತ್ತು.