ಎಚ್.ಪಿ. ಮೇಲೆ ನಿಂತ ಗೋಪುರ

ಮನೆಯೊಳಗೆ ಬೆಳಕು ಸಾಲದೆಂದು ತೌಸೀಫ ಡ್ರಾಯಿಂಗ್ ಬೋರ್ಡನ್ನು ಹೊರಗಿನ ಕಟ್ಟೆಗೆ ತಂದಿಟ್ಟ. ಅವನು ಮಾಡಿದ ತಪ್ಪು ಅಷ್ಟೇ. ಗಜೇಂದ್ರಗಡದ ಓಣಿಯಲ್ಲಿ ಕಟ್ಟೆಯ ಮೇಲೆ ಇಟ್ಟದ್ದು ಯಾವುದೂ ಒಬ್ಬರದಾಗಿ ಉಳಿಯುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವನಿಗೆ ಆ ಭಾನುವಾರ ಬೆಳಿಗ್ಗೆ ಈ ಮಾತು ಹೇಗೋ ಮರೆತುಹೋಗಿತ್ತು.

ತೌಸೀಫ ಇಂಜಿನಿಯರಿಂಗಿನ ಮೊದಲ ವರ್ಷದಲ್ಲಿದ್ದ. ಮೊದಲ ವರ್ಷವೆಂದರೆ ಎಲ್ಲರೂ ಎಲ್ಲವನ್ನೂ ಚಿಟಿಕೆ ಚಿಟಿಕೆ ಕಲಿಯುವ ವರ್ಷ. ಚಿಟಿಕೆ ಕರೆಂಟು, ಚಿಟಿಕೆ ಸಿಮೆಂಟು, ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜುವುದು. ಡ್ರಾಯಿಂಗ್ ಮಾತ್ರ ಚಿಟಿಕೆಯಲ್ಲ, ಬೊಗಸೆ ತುಂಬ. ಅದನ್ನು ಕಲಿಸುವ ಗುರುಸಂಗಪ್ಪ ಸರ್ ಅವರ ಹಣೆಯಲ್ಲಿ ಸದಾ ವಿಭೂತಿ, ಜೇಬಿನಲ್ಲಿ ಸದಾ ಕೆಂಪು ಪೆನ್ನು. ತೌಸೀಫನ ಪಿರಮಿಡ್ಡಿನ ಹಾಳೆಯನ್ನು ಅವರು ಗೆರೆ ದಪ್ಪವಾಯಿತೆಂದು ಒಮ್ಮೆ, ತೆಳ್ಳಗಾಯಿತೆಂದು ಒಮ್ಮೆ, ಹೆಬ್ಬೆರಳಿನ ಗುರುತು ಬಿದ್ದಿದೆಯೆಂದು ಇನ್ನೊಮ್ಮೆ ಹಿಂದಕ್ಕೆ ಕೊಟ್ಟಿದ್ದರು. “ಸೋಮವಾರ ನನ್ನ ಸಹಿ ಬೀಳಲಿಲ್ಲಂದ್ರ ಪರೀಕ್ಷಾಕ್ಕ ಕೂಡ್ರಸಂಗಿಲ್ಲ ನೋಡು” ಎಂದೂ ಹೇಳಿದ್ದರು.

ಅಂತೂ ಈ ಸಲ ಹಾಳೆ ಚೆನ್ನಾಗಿ ಬಂದಿತ್ತು. ನಡುವೆ ಅಡ್ಡಗೆರೆ. ಗೆರೆಯ ಮೇಲೆ ಪಿರಮಿಡ್ಡಿನ ಎದುರು ನೋಟ, ಕೆಳಗೆ ಅದನ್ನೇ ಮೇಲಿನಿಂದ ಕಂಡಂತೆ ಆರು ಮೂಲೆಯ ಆಕೃತಿ. ಎರಡನ್ನೂ ಜೋಡಿಸುವ ನೂಲಿನಂಥ ಸಣ್ಣ ಗೆರೆಗಳು. ಮೂಲೆಯಲ್ಲಿ ಹೆಸರು ಬರೆದರೆ ಮುಗಿಯಿತು. ಮಿಡತೆಯ ಕಾಲಿನಂತೆ ಮಡಚಿಕೊಳ್ಳುವ, ಗೆರೆ ಎಳೆಯುವ ಡ್ರಾಫ್ಟರನ್ನು ಸರಿಸಿ ಪೆನ್ಸಿಲು ಹೆರೆಯುತ್ತಿದ್ದಾಗ ಲೂನಾ ಬಂದು ನಿಂತಿತು. ಮೇಲೆ ಓಣಿಯ ರೈತ ಉಸ್ಮಾನಸಾಬ.

“ಏನ ತಗದೀಪಾ ಇಂಜಿನೇರ?”

“ಪಿರಮಿಡ್ಡು ಕಾಕಾ. ಎಚ್.ಪಿ. ಮ್ಯಾಲೆ ನಿಂತೈತಿ.”

ಎಚ್.ಪಿ. ಎಂದರೆ ಅವನ ಪುಸ್ತಕದಲ್ಲಿ ಮಟ್ಟಸವಾದ ನೆಲ. ಉಸ್ಮಾನಸಾಬನ ಹೊಲದಲ್ಲಿ ಅದು ಮೋಟರಿನ ಬಲ.

“ಎಷ್ಟ ಎಚ್.ಪಿ.? ನಂದು ಐದು. ನಿನ್ನಿಯಿಂದ ಬರೇ ಗುಂಯ್ ಅನ್ನತೈತಿ, ನೀರ ಎತ್ತವಲ್ದು. ಎದ್ದು ಗಾಡಿ ಹತ್ತು!”

“ಕಾಕಾ, ನನಗ ಮೋಟರ ಗೊತ್ತಿಲ್ಲ. ನಾ ಇನ್ನೂ ಕಬ್ಬಿಣ ಉಜ್ಜೋದಷ್ಟ ಕಲ್ತೇನಿ.”

“ಮತ್ತ ಮೋಟರೇನು ಮಣ್ಣಿಂದೇನಪಾ? ಅದೂ ಕಬ್ಬಿಣನ!”

ಮದುವೆಗೆ ಒಪ್ಪದ ವರನಂತೆ ತೌಸೀಫ ಲೂನಾ ಹತ್ತಿದ.

ಮುಶಿಗೇರಿ ದಾರಿಯ ಹೊಲದಲ್ಲಿ ಆಗಲೇ ನಾಲ್ಕಾರು ಜನ ಕೂಡಿದ್ದರು. ತೌಸೀಫ ಮೋಟರಿನ ಡಬ್ಬಿಯ ಬಾಗಿಲು ತೆರೆದ. ಒಳಗಿನ ವೈರುಗಳು ಶಾವಿಗೆಯಂತೆ ತೊಡಕಿಕೊಂಡಿದ್ದವು. ಮುಟ್ಟುವ ಧೈರ್ಯವಾಗದೆ “ಬಿಸ್ಮಿಲ್ಲಾ” ಎಂದು ಬಾಗಿಲನ್ನು ಹಾಗೆಯೇ ಮುಚ್ಚಿ ಗುಂಡಿ ಒತ್ತಿದ. ದೇವರ ದಯೆ ಯಾವ ವೈರಿನಲ್ಲಿ ಬರುತ್ತದೆಂದು ಯಾರು ಬಲ್ಲರು? ನಿನ್ನೆಯಿಂದ ಒಂದು ಫೇಸು ತಪ್ಪಿದ್ದ ಕರೆಂಟು ಆ ಗಳಿಗೆಗೆ ಸರಿಯಾಗಿ ಮೂರೂ ಫೇಸಿನಲ್ಲಿ ಬಂತು. ಪೈಪು ಕೆಮ್ಮಿ, ಮಣ್ಣು ಉಗುಳಿ, ಗಳಗಳನೆ ನೀರು ಸುರಿಯಿತು.

“ಮುಚ್ಚಳ ಮುಟ್ಟಿದ್ದಕ್ಕ ಇಷ್ಟು! ಒಳಗ ಕೈ ಹಾಕಿದ್ರ ಹೊಳೀನ ಬರತಿತ್ತು!” ಎಂದ ಉಸ್ಮಾನಸಾಬ.

ಇಲ್ಲವೆಂದು ತೌಸೀಫ ಎಷ್ಟು ಹೇಳಿದರೂ ಅದು ವಿನಯವೆನಿಸಿತು. ಉಡಿಯ ತುಂಬ ಸವತೆಕಾಯಿ ಹೊತ್ತು ಅವನು ಮನೆ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು.

ಕಟ್ಟೆಯ ಮೇಲೆ ಬೋರ್ಡಿತ್ತು. ಅದರ ನಾಲ್ಕು ಮೂಲೆಗೆ ಟೇಪಿನ ಚೂರುಗಳಿದ್ದವು. ಹಾಳೆ ಇರಲಿಲ್ಲ.

“ಅಮ್ಮೀ! ನನ್ನ ಹಾಳಿ?”

ತಾಯಿ ಜಹೀದಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಬಂದಳು. “ಅಂದಪ್ಪ ಕಾಕಾ ಒಯ್ದಾನ ಬೇಟಾ. ಒಂದೀಟು ನೋಡಿ ಕೊಡ್ತೀನಂದ. ಭಾಳ ಹೊತ್ತು ಸುಮ್ಮನ ನೋಡಿಕೋಂತ ನಿಂತಿದ್ದ. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಕೊಡಬಾರದಿತ್ತೇನ?”

ಅಂದಪ್ಪ ಪಕ್ಕದ ಮನೆಯ ನೇಕಾರ. ಅವನ ಮಗ್ಗದ ಲಟಪಟ ಸದ್ದೇ ತೌಸೀಫನಿಗೆ ತೊಟ್ಟಿಲ ಹಾಡಾಗಿತ್ತು. ಈಗ ಆ ಸದ್ದು ನಿಂತಿತ್ತು. ಬಾಗಿಲಲ್ಲೇ ಊದುಬತ್ತಿಯ ವಾಸನೆ ಮೂಗಿಗೆ ಬಡಿಯಿತು.

ಹಾಳೆ ಮಗ್ಗದ ಮೇಲಿತ್ತು. ಪಿರಮಿಡ್ಡಿನ ಎರಡೂ ಬದಿಗೆ ಸೇವಂತಿಗೆ. ತುದಿಯ ಬಿಂದುವಿನ ಮೇಲೆ, ಸಣ್ಣ ಮೊನೆಯ ಪೆನ್ಸಿಲಿನಿಂದ ಉಸಿರು ಬಿಗಿಹಿಡಿದು ಅವನು ಇಟ್ಟಿದ್ದ ಆ ಬಿಂದುವಿನ ಮೇಲೆ, ನಾಲ್ಕಾಣೆಯಷ್ಟಗಲ ಕುಂಕುಮ. ಅಡ್ಡಗೆರೆಯ ಮೇಲೆ ಮೂರು ಬೆರಳಿನ ವಿಭೂತಿ.

“ಬಾರೋ ಯಪ್ಪಾ, ಹೊತ್ತಿಗೆ ಸರಿಯಾಗಿ ಬಂದಿ” ಎಂದಳು ಅಂದಪ್ಪನ ಹೆಂಡತಿ ವೀರವ್ವ. “ಕಾಯಿ ಒಡಿಯೋದೊಂದು ಬಾಕಿ ಐತಿ.”

“ಕಾಕೀ, ಬ್ಯಾಡ್ರಿ, ಹಾಳಿ...”

ಟಪ್ಪೆಂದು ಕಾಯಿ ಎರಡಾಯಿತು. ಕಾಯಿಯ ನೀರು ಚಿಮ್ಮಿ ಷಟ್ಕೋನದ ಒಂದು ಮೂಲೆ ತೊಯ್ದಿತು.

“ಕಾಕಾ, ಇದು ಕಾಲೇಜಿಂದ್ರೀ” ಎಂದ ತೌಸೀಫ. ಧ್ವನಿ ಬೆಕ್ಕಿನ ಮರಿಯದರಂತೆ ಹೊರಟಿತು.

“ಗೊತ್ತೈತೋ. ನಾ ಗೆರಿ ಇಳಿಸಿಕೊಂಡು ಹಾಳಿ ನಿನಗ ಕೊಡತೀನಿ” ಎಂದ ಅಂದಪ್ಪ. ಅವನ ಕಣ್ಣು ಹಾಳೆಯಿಂದ ಕದಲಲಿಲ್ಲ. “ಎಷ್ಟ ವರ್ಷಾತು, ಅದ ಸೆರಗು, ಅದ ಅಂಚು. ಹೊಸಾದು ಒಂದು ಕೊಡೋ ಶಿವನ ಅಂತ ದಿನಾ ಕೇಳತಿದ್ದೆ. ನೋಡಿಲ್ಲಿ! ಮ್ಯಾಲೆ ಗೋಪುರ, ತೆಳಗ ಆರೆಸಳಿನ ಹೂವು, ಎರಡಕ್ಕೂ ಎಳಿ ಎಳಿ ಹಾಸು. ಸೆರಗು ಅಂದ್ರ ಇದು! ಶಿವ ನಿನ್ನ ಕೈಲೆ ಕಳಿಸ್ಯಾನ.”

ತೌಸೀಫ ತನ್ನ ಹಾಳೆಯನ್ನು ಮೊದಲ ಸಲ ಕಂಡವನಂತೆ ನೋಡಿದ. ಹೌದು, ಗೋಪುರವೇ. ಹೌದು, ಹೂವೇ. ಬೈಯಬೇಕೆಂದು ಓಡಿಬಂದಿದ್ದವನ ಬಾಯಿಗೆ ವೀರವ್ವ ಕೊಬ್ಬರಿಯ ಚೂರಿಟ್ಟಳು. ಅಗಿಯುತ್ತ ಬೈಯುವುದು ಯಾರಿಂದಲೂ ಆಗದು.

ಸಂಜೆಗೆ ಹಾಳೆ ಕೈಗೆ ಬಂತು. ಊರಿನ ಅಂಗಡಿಯಲ್ಲಿ ಅಂಥ ಹಾಳೆ ಸಿಗದು. ರಬ್ಬರಿನಿಂದ ಕುಂಕುಮವನ್ನು ಮೆಲ್ಲಗೆ ಉಜ್ಜಿದ. ಅದು ಹೋಗಲಿಲ್ಲ, ಹರಡಿತು. ಪಿರಮಿಡ್ಡಿನ ನೆತ್ತಿಯಲ್ಲಿ ಸೂರ್ಯ ಹುಟ್ಟಿದಂತಾಯಿತು. ಮರುದಿನ ಬೆಳಿಗ್ಗೆ ಅದನ್ನೇ ಸುರುಳಿ ಸುತ್ತಿಕೊಂಡು ಕಾಲೇಜಿನ ಬಸ್ಸು ಹತ್ತಿದ, ದಾರಿಯುದ್ದಕ್ಕೂ ಅಲ್ಲಾನನ್ನು ನೆನೆದ.

ಸೋಮವಾರ ಗುರುಸಂಗಪ್ಪ ಸರ್ ಹಾಳೆ ಬಿಚ್ಚಿದರು. ಅಳತೆಪಟ್ಟಿ ಇಟ್ಟು ನೋಡಿದರು. ಗೆರೆ ದಪ್ಪವಿರಲಿಲ್ಲ, ತೆಳ್ಳಗಿರಲಿಲ್ಲ. ಕೆಂಪು ಪೆನ್ನು ತೆಗೆದರು. ತುದಿಗೆ ಬಂದು ಕೈ ನಿಂತಿತು.

“ಇದೇನಪಾ?”

“ಕುಂಕುಮರೀ ಸರ್.”

“ನೀ ತೌಸೀಫ ಹೌದಲ್ಲೋ?”

“ಹೌದ್ರಿ. ಬಾಜೂಮನಿ ವೀರವ್ವ ಕಾಕಿ ಪೂಜಾ ಮಾಡ್ಯಾರ್ರಿ. ಅವರಿಗೆ ಗೋಪುರ ಕಂಡೈತ್ರಿ. ಕಾಕಾ ಮಗ್ಗದ ಮ್ಯಾಲೆ ನೇಯ್ತಾರಂತ್ರಿ.”

ತರಗತಿ ಗೊಳ್ಳೆಂದಿತು. ಸರ್ ನಗಲಿಲ್ಲ. ಮೇಜಿನ ಕೆಳಗೆ ಮೆಲ್ಲಗೆ ಚಪ್ಪಲಿ ಕಳಚಿದರು. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು.

“ಇಷ್ಟು ವರ್ಷ ಕಲಿಸೀನಿ” ಎಂದರು. “ಗೋಪುರ ನನಗ್ಯಾಕ ಕಾಣಲಿಲ್ಲ? ಒಂದೂ ತಪ್ಪಿಲ್ಲಪಾ. ಭಾಳ ಚಲೋ ತಗದಿ.”

ತೌಸೀಫನ ಜೀವ ಎಚ್.ಪಿ.ಯ ಮೇಲೆ ಬಂದು ನಿಂತಿತು. “ಹಂಗಾದ್ರ ಸಹಿ ಮಾಡ್ರಿ ಸರ್.”

ಸರ್ ಕೆಂಪು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು.

“ಪೂಜಾ ಆದದ್ದರ ಮ್ಯಾಲೆ ಕೆಂಪ ಪೆನ್ನ ಆಡಸಲೇನೋ? ನನ್ನ ಕೈ ಏಳಂಗಿಲ್ಲ. ಇದು ನಮ್ಮನಿ ದೇವರ ಜಗಲಿ ಮ್ಯಾಲೆ ಇರಲಿ. ನೀ ಲಗೂನ ಇನ್ನೊಂದು ತಗದು, ಸಂಜಿ ಒಳಗ ತಂದು ಕೊಡು.”

ಕಾಲೇಜಿನ ಅಂಗಡಿಯಲ್ಲಿ ಹೊಸ ಹಾಳೆ ಕೊಂಡು, ಮೂಲೆಯೊಂದರಲ್ಲಿ ಬೋರ್ಡಿಗೆ ಟೇಪು ಅಂಟಿಸಿ ತೌಸೀಫ ಕೂತ. ಬಿಳಿ ಹಾಳೆ ಏನೂ ತಿಳಿಯದ ಕೂಸಿನಂತೆ ಅವನನ್ನು ನೋಡಿತು. ಪೆನ್ಸಿಲು ಊರುವ ಮೊದಲು ಕಣ್ಣು ಮುಚ್ಚಿ ಎರಡೂ ಕೈ ಚಾಚಿ ಬೇಡಿಕೊಂಡ:

“ಯಾ ಅಲ್ಲಾ, ಸಹಿ ಬೀಳೋತನಕ ಇದರಾಗ ಯಾರಿಗೂ ಕಾಣಿಸಿಕೋಬ್ಯಾಡ.”